ಒಟಿಎಸ್‌ನಲ್ಲಿ ಬ್ಯಾಂಕ್ ಬಿಟ್ಟ ಸಾಲಕ್ಕೆ ತೆರಿಗೆ ಉಂಟೇ?

ಪ್ರಶ್ನೆ: ನಾನು ತೀರ್ಥಹಳ್ಳಿ ತಾಲ್ಲೂಕಿನವನು. ನಾಲ್ಕು ಎಕರೆ ಸ್ವಂತ ಅಡಿಕೆ ತೋಟವಿದೆ. ಏಳೆಂಟು ವರ್ಷದಿಂದ ಅಕ್ಕಪಕ್ಕದ ತೋಟಗಳ ಫಸಲನ್ನೂ ಚೇಣಿ (ಮುಂಗಡ ಕೊಟ್ಟು ಫಸಲಿನ ಗುತ್ತಿಗೆ) ಹಿಡಿದು, ಸುಲಿಸಿ, ಬೇಯಿಸಿ, ಒಣಗಿಸಿ ಶಿವಮೊಗ್ಗದ ಮಂಡಿಗೆ ಹಾಕುತ್ತೇನೆ. ಸುಲಿಯುವ ಯಂತ್ರ, ಡ್ರೈಯರ್, ಶೆಡ್ಡಿಗೆಂದು ಟರ್ಮ್ ಲೋನ್, ಚೇಣಿ ವ್ಯಾಪಾರಕ್ಕೆಂದು ಸಿಸಿ (ಕ್ಯಾಷ್ ಕ್ರೆಡಿಟ್, ಮಿತಿಯೊಳಗೆ ಬೇಕಾದಾಗ ತೆಗೆದು ಕಟ್ಟುವ) ಸಾಲ ಮಾಡಿದ್ದೆ. ಚೇಣಿ ದುಡ್ಡು ಮುಂಗಡ ಕೊಟ್ಟ ಮೇಲೆ ಕೊಳೆ ರೋಗ ಬಂದು ಎರಡು ವರ್ಷ ಕೈಕೊಟ್ಟಿತು, ಖಾತೆ ಎನ್‌ಪಿಎ (ಕಂತು ನಿಂತ ಕೆಟ್ಟ ಸಾಲ) ಆಯಿತು. ಈಗ ಟರ್ಮ್ ಲೋನ್ ಅಸಲು 18 ಲಕ್ಷ, ಬಡ್ಡಿ 5.4 ಲಕ್ಷ, ಸಿಸಿ ಅಸಲು 14 ಲಕ್ಷ, ಬಡ್ಡಿ 4.6 ಲಕ್ಷ; ಒಟ್ಟು 42 ಲಕ್ಷ ಬಾಕಿ. 25 ಲಕ್ಷ ಕಟ್ಟಿದರೆ ಮುಗಿಸುತ್ತೇವೆ ಎಂದು ಬ್ಯಾಂಕಿನವರು ಒಟಿಎಸ್ (ಒಪ್ಪಿದ ಮೊತ್ತ ಕಟ್ಟಿ ಸಾಲ ಮುಗಿಸುವ ಒಪ್ಪಂದ) ಕರಡು ಪತ್ರ ಕೊಟ್ಟಿದ್ದಾರೆ. ಬಡ್ಡಿ ಪೂರ್ತಿ ಬಿಟ್ಟು, ಟರ್ಮ್ ಲೋನ್ ಅಸಲಿನಲ್ಲಿ 3 ಲಕ್ಷ, ಸಿಸಿ ಅಸಲಿನಲ್ಲಿ 4 ಲಕ್ಷ ಬಿಡುತ್ತಾರಂತೆ. ಬಿಟ್ಟ 17 ಲಕ್ಷವೂ ಆದಾಯ, ಐದು ಲಕ್ಷ ತೆರಿಗೆ ಬೀಳುತ್ತದೆ ಎಂದು ಒಬ್ಬರು ಹೆದರಿಸಿದರು. ಸಾಲ ಮನ್ನಾಕ್ಕೆ ತೆರಿಗೆಯೇ ಇಲ್ಲ, ಸುಪ್ರೀಂ ಕೋರ್ಟ್ ಹೇಳಿದೆ ಎಂದು ಇನ್ನೊಬ್ಬರು. ಬ್ಯಾಂಕೇ 10% ಟಿಡಿಎಸ್ (ಮೂಲದಲ್ಲೇ ಕಡಿಯುವ ತೆರಿಗೆ) ಹಿಡಿಯುತ್ತದೆ ಎಂದು ಒಂದು ವಿಡಿಯೊದಲ್ಲಿ ಬಂತು. ಯಾವುದು ಸರಿ? ಈ ವರ್ಷ ವ್ಯಾಪಾರದ ಲಾಭ ಸುಮಾರು 4.5 ಲಕ್ಷ, ತೋಟದ ಆದಾಯ 6 ಲಕ್ಷ. 2018ರಲ್ಲಿ ಸೊಸೈಟಿಯ ಬೆಳೆಸಾಲ ಮನ್ನಾ ಆಗಿತ್ತು, ಅದನ್ನೂ ತೋರಿಸಬೇಕಿತ್ತೇ? ಪಟ್ಟಣದ ಅಂಚಿನಲ್ಲಿ, ಒಂದೂವರೆ ಕಿಲೋಮೀಟರ್ ದೂರದಲ್ಲಿರುವ ಗದ್ದೆಯನ್ನು ಮಾರಿ 16 ಲಕ್ಷ, ಹೆಂಡತಿಯ ಅಣ್ಣನಿಂದ 6 ಲಕ್ಷ ನಗದು, ಉಳಿದದ್ದು ಉಳಿತಾಯದಿಂದ ಹೊಂದಿಸುತ್ತಿದ್ದೇನೆ. ಗದ್ದೆ ತೆಗೆದದ್ದು 2011-12ರಲ್ಲಿ, 4 ಲಕ್ಷಕ್ಕೆ. ಆ ಹಣ ನೇರ ಬ್ಯಾಂಕಿಗೇ ಹೋಗುವುದರಿಂದ ಅದಕ್ಕೆ ತೆರಿಗೆ ಇರಲಿಕ್ಕಿಲ್ಲ ಅಲ್ಲವೇ?

ಉತ್ತರ: ನೀವು ಹೆದರಿದ ಕಡೆ ಅಷ್ಟು ಅಪಾಯವಿಲ್ಲ. ಪತ್ರದ ಕೊನೆಗೆ ಒಂದು ಸಾಲಿನಲ್ಲಿ ಬರೆದ ಗದ್ದೆ ಮಾರಾಟ ಮತ್ತು ನಗದು, ಅಪಾಯ ಇರುವುದು ಅಲ್ಲಿ. ಕೊಟ್ಟ ಲೆಕ್ಕ ಮತ್ತು ಜೊತೆಗಿಟ್ಟ ಲಾಭ-ನಷ್ಟ ಪಟ್ಟಿಗಳನ್ನು ನೋಡಿದರೆ, 17 ಲಕ್ಷದಲ್ಲಿ ಸುಮಾರು 7 ಲಕ್ಷ ಆದಾಯವಾಗಿ ಬರುತ್ತದೆ, ಅದಕ್ಕೆ ಕಟ್ಟಬೇಕಾದ ತೆರಿಗೆ 52,000 ರೂಪಾಯಿ ಆಸುಪಾಸು. ಐದು ಲಕ್ಷವೂ ಅಲ್ಲ, ಸೊನ್ನೆಯೂ ಅಲ್ಲ. ಗದ್ದೆಯ ತೆರಿಗೆ ಅದರ ಮೂರರಷ್ಟಾಗುತ್ತದೆ.

ಮೊದಲು ಆ ವಿಡಿಯೊ ವಿಷಯ ಮುಗಿಸೋಣ. ಬಿಟ್ಟ ಸಾಲವೆಲ್ಲ ಆದಾಯ ಎಂಬ ಮಾತಿನ ಮೂಲ ಬಹುಪಾಲು ಅಮೆರಿಕದ್ದು. ಅಲ್ಲಿ ಬ್ಯಾಂಕು 600 ಡಾಲರ್ ಅಥವಾ ಹೆಚ್ಚು ಸಾಲ ಬಿಟ್ಟರೆ 1099-ಸಿ ಎಂಬ ನಮೂನೆಯಲ್ಲಿ ಸರ್ಕಾರಕ್ಕೆ ವರದಿ ಮಾಡುತ್ತದೆ, ವಿನಾಯಿತಿ ಇಲ್ಲದಿದ್ದರೆ ಅದು ಆದಾಯವೇ. ನಮ್ಮ ಕಾನೂನಿನಲ್ಲಿ ಹಾಗೆ ಒಂದೇ ಏಟಿಗೆ ಹೇಳುವ ನಿಯಮವಿಲ್ಲ. ಇನ್ನು ಟಿಡಿಎಸ್. 2022ರ ಜುಲೈ 1ರಿಂದ ಬಂದ, ಆದಾಯ ತೆರಿಗೆ ಕಾಯಿದೆಯ ಸೆಕ್ಷನ್ 194ಆರ್ ಪ್ರಕಾರ, ವ್ಯಾಪಾರದಲ್ಲಿ ಯಾರಾದರೂ ವರ್ಷಕ್ಕೆ 20,000 ರೂಪಾಯಿ ಮೀರಿದ ಲಾಭ-ಸವಲತ್ತು ಕೊಟ್ಟರೆ 10% ಹಿಡಿಯಬೇಕು. ಸಾಲ ಬಿಡುವುದೂ ಸವಲತ್ತೇ ಎಂದು ಬ್ಯಾಂಕುಗಳು ಗಾಬರಿಯಾದವು. ಅದೇ ವರ್ಷ ಸೆಪ್ಟೆಂಬರ್ 13ರಂದು ನೇರ ತೆರಿಗೆ ಮಂಡಳಿ 18/2022 ಸುತ್ತೋಲೆ ಹೊರಡಿಸಿ, ಬ್ಯಾಂಕು, ಸಹಕಾರಿ ಬ್ಯಾಂಕು, ರಾಜ್ಯ ಹಣಕಾಸು ನಿಗಮ ಮುಂತಾದವು ಮಾಡುವ ಒಟಿಎಸ್‌ಗೆ ಈ ಟಿಡಿಎಸ್ ಬೇಡ ಎಂದಿತು. ಆದ್ದರಿಂದ ನಿಮ್ಮ ಬ್ಯಾಂಕು ಏನೂ ಹಿಡಿಯುವುದಿಲ್ಲ. ಆದರೆ ಅದೇ ಸುತ್ತೋಲೆಯಲ್ಲಿ ಇನ್ನೊಂದು ವಾಕ್ಯವಿದೆ: ಈ ವಿನಾಯಿತಿ ಟಿಡಿಎಸ್‌ಗೆ ಮಾತ್ರ, ಸಾಲಗಾರನ ಕೈಯಲ್ಲಿ ಅದು ಆದಾಯವೋ ಅಲ್ಲವೋ ಎಂಬುದು ಬೇರೆ ಸೆಕ್ಷನ್‌ಗಳ ಪ್ರಕಾರ ತೀರ್ಮಾನ. ಟಿಡಿಎಸ್ ಇಲ್ಲ ಎಂದರೆ ತೆರಿಗೆ ಇಲ್ಲ ಎಂದುಕೊಂಡು ಕೂತವರು ಎಡವಿದ್ದು ಈ ವಾಕ್ಯವನ್ನು ಓದದೆ.

ಬೇರೆ ಸೆಕ್ಷನ್‌ಗಳು ಎಂದರೆ ಮುಖ್ಯವಾಗಿ ಎರಡು. ಸೆಕ್ಷನ್ 41(1) ಹೇಳುವುದು ಇಷ್ಟು: ಹಿಂದಿನ ಯಾವುದೋ ವರ್ಷ ಒಂದು ಬಾಕಿಯನ್ನು ಖರ್ಚು ಎಂದು ಲಾಭದಲ್ಲಿ ಕಳೆದುಕೊಂಡಿದ್ದೀರಿ, ಆಮೇಲೆ ಆ ಬಾಕಿಯನ್ನು ಕೊಡಬೇಕಾಗಿಲ್ಲ ಎಂದಾಯಿತು, ಆಗ ಆ ಮೊತ್ತ ಬಿಟ್ಟ ವರ್ಷದ ಆದಾಯ. ನ್ಯಾಯವೇ ಸರಿ, ಕೊಡದೇ ಇದ್ದ ಖರ್ಚಿಗೆ ತೆರಿಗೆ ಉಳಿಸಿಕೊಂಡಿದ್ದು ವಾಪಸು ಹೋಗಬೇಕು. ಎರಡನೆಯದು ಸೆಕ್ಷನ್ 28ರ ನಾಲ್ಕನೇ ಉಪಬಂಧ, ವ್ಯಾಪಾರದಿಂದ ಹುಟ್ಟಿದ ಯಾವುದೇ ಲಾಭ ಅಥವಾ ಸವಲತ್ತಿನ ಮೌಲ್ಯ. ಹಾಗಾಗಿ ಬ್ಯಾಂಕು ಎಷ್ಟು ಬಿಟ್ಟಿತು ಎಂದು ನೋಡಿದರೆ ಉತ್ತರ ಸಿಗುವುದಿಲ್ಲ. ಆ ದುಡ್ಡು ಹಿಂದೆ ನಿಮ್ಮ ಲೆಕ್ಕದಲ್ಲಿ ಯಾವ ಕೆಲಸ ಮಾಡಿತ್ತು, ಖರ್ಚಾಗಿ ಕುಳಿತಿತ್ತೋ, ಯಂತ್ರವಾಗಿ ನಿಂತಿತ್ತೋ, ಸರಕಾಗಿ ತಿರುಗಿತ್ತೋ, ಅದನ್ನು ನೋಡಬೇಕು. ಒಟಿಎಸ್ ಪತ್ರ ಒಂದೇ ಇರಬಹುದು, ತೆರಿಗೆ ಲೆಕ್ಕದಲ್ಲಿ ನಿಮ್ಮದು ಮೂರು ಬೇರೆ ಬೇರೆ ಮನ್ನಾ.

ಟರ್ಮ್ ಲೋನಿನ 3 ಲಕ್ಷ ಅಸಲನ್ನು ಮೊದಲು ನೋಡೋಣ. ನಿಮ್ಮ ಸ್ನೇಹಿತರು ಹೇಳಿದ ಸುಪ್ರೀಂ ಕೋರ್ಟ್ ತೀರ್ಪು ನಿಜ. ಅದು ಮಹೀಂದ್ರ ಅಂಡ್ ಮಹೀಂದ್ರ ಪ್ರಕರಣದ್ದು, 2018ರ ಏಪ್ರಿಲ್ 24ರದು. ಜೀಪ್ ತಯಾರಿಕೆಯ ಟೂಲಿಂಗ್ ಉಪಕರಣಗಳನ್ನು ಕೊಳ್ಳಲು ಕಂಪನಿ ಅಮೆರಿಕದ ಕೈಸರ್ ಜೀಪ್‌ನಿಂದ ಸಾಲ ಪಡೆದಿತ್ತು, ಮುಂದೆ ಆ 57,74,064 ರೂಪಾಯಿ ಬಿಟ್ಟುಕೊಡಲಾಯಿತು. ಕೋರ್ಟ್ ಎರಡು ಕಾರಣ ಕೊಟ್ಟಿತು: ಉಪಕರಣ ಕೊಂಡ ಸಾಲದ ಅಸಲನ್ನು ಕಂಪನಿ ಎಂದೂ ಖರ್ಚೆಂದು ಕಳೆದಿರಲಿಲ್ಲ, ಆದ್ದರಿಂದ 41(1) ತಾಗುವುದಿಲ್ಲ, ಬಿಟ್ಟದ್ದು ನಗದಿನ ರೂಪದ್ದು, 28ರ ಉಪಬಂಧವೋ ನಗದಲ್ಲದ ಸವಲತ್ತಿನ ಬಗ್ಗೆ, ಆದ್ದರಿಂದ ಅದೂ ತಾಗುವುದಿಲ್ಲ. ನಿಮ್ಮ ಸುಲಿಯುವ ಯಂತ್ರ, ಡ್ರೈಯರ್, ಶೆಡ್ಡು ಮೊದಲ ಕಾರಣದೊಳಗೆ ಸರಿಯಾಗಿ ಕೂರುತ್ತವೆ. ಯಂತ್ರದ ಮೇಲೆ ಸವಕಳಿ ಕಳೆದಿದ್ದೇನಲ್ಲ, ಅದು ಖರ್ಚಲ್ಲವೇ ಎಂದು ಕೇಳಬಹುದು. ಸವಕಳಿ 41(1) ಹೇಳುವ ನಷ್ಟ ಅಥವಾ ಖರ್ಚಿನ ಕಳೆತವಲ್ಲ ಎಂದು ನೆಕ್ಟರ್ ಬೆವರೇಜಸ್ ಪ್ರಕರಣದಲ್ಲಿ, 2009ರಲ್ಲಿ, ಸುಪ್ರೀಂ ಕೋರ್ಟೇ ಹೇಳಿದೆ.

ಆದರೆ ಎರಡನೇ ಕಾರಣ ಈಗ ಉಳಿದಿಲ್ಲ, ಇದನ್ನು ಸ್ನೇಹಿತರು ಹೇಳಲಿಲ್ಲ. 2023ರ ಹಣಕಾಸು ಕಾಯಿದೆ ಆ ಉಪಬಂಧಕ್ಕೆ ತಿದ್ದುಪಡಿ ತಂದು, ಸವಲತ್ತು ನಗದಾಗಿರಲಿ, ವಸ್ತುವಾಗಿರಲಿ, ಸ್ವಲ್ಪ ಅದು ಸ್ವಲ್ಪ ಇದು ಆಗಿರಲಿ, ಎಲ್ಲವೂ ಸೇರುತ್ತದೆ ಎಂದಿತು. 2023-24ರ ಹಣಕಾಸು ವರ್ಷದಿಂದ ಜಾರಿ. ಟರ್ಮ್ ಲೋನಿಗೆ ಇನ್ನೂ ಗಟ್ಟಿ ವಾದವಿದೆ: ಯಂತ್ರ ಕೊಳ್ಳಲು ತಂದ ಸಾಲ ಬಂಡವಾಳ ಸ್ವರೂಪದ್ದು, ಅದು ಕರಗಿದರೆ ಬಂಡವಾಳವೇ ಹೆಚ್ಚಿತು, ವ್ಯಾಪಾರದಿಂದ ಹುಟ್ಟಿದ ಲಾಭ ಬಂದಂತಲ್ಲ. ಹಾಗಾಗಿ 3 ಲಕ್ಷವನ್ನು ಆದಾಯವಾಗಿ ತೋರಿಸಬೇಡಿ ಎಂಬುದೇ ನನ್ನ ಸಲಹೆ. ಇಲಾಖೆ ಪ್ರಶ್ನೆಯನ್ನೇ ಎತ್ತುವುದಿಲ್ಲ ಎಂದು ಮಾತ್ರ ಯಾರೂ ಬರೆದುಕೊಡಲಾರರು.

ಸಿಸಿಯ 4 ಲಕ್ಷ ಅಸಲಿನ ಕಥೆ ಬೇರೆ. ಆ ದುಡ್ಡು ಚೇಣಿ ಮುಂಗಡವಾಗಿ, ಸುಲಿಯುವವರ ಕೂಲಿಯಾಗಿ, ಬೇಯಿಸುವ ಸೌದೆಯಾಗಿ ಖರ್ಚಿನ ಕಡೆ ಹೋಗಿದೆ. ಅಂದರೆ ಕೊಳ್ಳಲು ಮಾಡಿದ ಖರ್ಚು ನಿಮ್ಮ ಲಾಭದಿಂದ ಕಳೆದಾಗಿದೆ, ಅದಕ್ಕೆ ದುಡ್ಡು ಕೊಟ್ಟವನು ಈಗ ಬೇಡ ಎನ್ನುತ್ತಿದ್ದಾನೆ. ವ್ಯಾಪಾರದ ಚಾಲ್ತಿ ಬಳಕೆಗೆ ತಂದ ಸಾಲ ಬಿಟ್ಟುಹೋದರೆ ಅದು ಆದಾಯ ಎಂದು ಸಾಲಿಡ್ ಕಂಟೇನರ್ಸ್ ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್ ಹಿಂದೆಯೇ ಹೇಳಿತ್ತು. 2018ರ ಬಳಿಕ ಕೆಲವರು ಮಹೀಂದ್ರದ 'ನಗದು' ಕಾರಣವನ್ನು ಹಿಡಿದು ಸಿಸಿಗೂ ತೆರಿಗೆ ಇಲ್ಲ ಎಂದು ವಾದಿಸುತ್ತಿದ್ದರು. 2023ರ ತಿದ್ದುಪಡಿ ಆ ಬಾಗಿಲನ್ನೂ ಮುಚ್ಚಿತು. ಈ 4 ಲಕ್ಷವನ್ನು ಆದಾಯಕ್ಕೆ ಸೇರಿಸಿಬಿಡಿ.

ಇನ್ನು 10 ಲಕ್ಷ ಬಡ್ಡಿ. ಮೊತ್ತ ದೊಡ್ಡದು, ಬಹುಪಾಲು ಕೆಡುವುದೂ ಇಲ್ಲೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ. ಸೆಕ್ಷನ್ 43ಬಿ ಪ್ರಕಾರ ಬ್ಯಾಂಕಿನ ಬಡ್ಡಿಯನ್ನು ನಿಜವಾಗಿ ಕಟ್ಟಿದಾಗ ಮಾತ್ರ ಖರ್ಚೆಂದು ಕಳೆಯಬಹುದು. ಪುಸ್ತಕದಲ್ಲಿ ಬರೆದುಕೊಂಡರೂ, ರಿಟರ್ನ್ ಸಲ್ಲಿಸುವ ಗಡುವಿನೊಳಗೆ ಕಟ್ಟದಿದ್ದರೆ ಆ ವರ್ಷದ ಆದಾಯ ಲೆಕ್ಕದಲ್ಲಿ ಅದನ್ನು ವಾಪಸು ಕೂಡಿಸಬೇಕು. ಹೀಗೆ ಕೂಡಿಸಿದ್ದರೆ ನೀವು ಅದಕ್ಕೆ ಎಂದೂ ತೆರಿಗೆ ಉಳಿಸಿಕೊಂಡಿಲ್ಲ. ಈಗ ಬ್ಯಾಂಕು ಬಿಟ್ಟರೆ 41(1)ಕ್ಕೆ ಹಿಡಿಯಲು ಏನೂ ಇಲ್ಲ. ನಿಯಮದ ಪ್ರಕಾರ ನಡೆದಿದ್ದರೆ 10 ಲಕ್ಷವೂ ತೆರಿಗೆಯ ಹೊರಗೆ.

ಆದರೆ ನೀವು ಕಳಿಸಿದ ಪಟ್ಟಿಗಳಲ್ಲಿ 2022-23ರದ್ದನ್ನು ನೋಡಿ. ಸಿಸಿ ಬಡ್ಡಿ 3 ಲಕ್ಷ ಖರ್ಚಿನ ಕಡೆ ಇದೆ, ಆದಾಯ ಲೆಕ್ಕದಲ್ಲಿ ವಾಪಸು ಕೂಡಿಸಿಲ್ಲ. ಹೀಗಾಗುವುದು ಸಾಮಾನ್ಯ. ಸಿಸಿ ಖಾತೆಗೆ ಬ್ಯಾಂಕು ತಿಂಗಳು ತಿಂಗಳು ಬಡ್ಡಿ ಖರ್ಚು ಹಾಕುತ್ತದೆ, ಲೆಕ್ಕ ಬರೆಯುವವರು ಪಾಸ್‌ಬುಕ್ ನೋಡಿ ಬಡ್ಡಿ ಕಟ್ಟಿಯಾಯಿತು ಎಂದು ನಮೂದಿಸುತ್ತಾರೆ. ಮಂಡಿಯಿಂದ ಹಣ ಬಂದು ಖಾತೆ ಮಿತಿಯೊಳಗೆ ಇದ್ದಷ್ಟು ದಿನ ಅದು ಸರಿ. ಮಂಡಿ ಹಣ ನಿಂತು, ಬಡ್ಡಿ ಬಾಕಿಯ ಮೇಲೆ ಬಾಕಿ ಕೂರತೊಡಗಿದ ಮೇಲೆ ಅದು ಪಾವತಿಯಲ್ಲ. ಬಡ್ಡಿಯನ್ನು ಸಾಲವಾಗಿ ಪರಿವರ್ತಿಸಿದರೆ ಕಟ್ಟಿದಂತಾಗುವುದಿಲ್ಲ ಎಂದು 43ಬಿಯ ವಿವರಣೆಯೇ ಹೇಳುತ್ತದೆ. ಆ 3 ಲಕ್ಷವನ್ನು ನೀವು ಕಟ್ಟದೆಯೇ ಕಳೆದುಕೊಂಡಿದ್ದೀರಿ. ಈಗ ಬಿಟ್ಟುಹೋದಾಗ ಅದು 41(1)ರ ಆದಾಯ.

ಇದರ ಬೆನ್ನಿಗೇ ಇನ್ನೊಂದಿದೆ. ಬ್ಯಾಂಕು 'ಸಿಸಿ ಅಸಲು 14 ಲಕ್ಷ' ಎನ್ನುತ್ತಿದೆಯಲ್ಲ, ನಿಮ್ಮ ಮಂಜೂರಾದ ಮಿತಿ ಎಷ್ಟಿತ್ತು? ಮಿತಿ 12 ಲಕ್ಷವಿದ್ದು ಬಾಕಿ 14 ಆಗಿದ್ದರೆ, ಆ ಎರಡು ಲಕ್ಷ ಅಸಲಿನ ವೇಷದ ಬಡ್ಡಿಯೇ ಇರಬಹುದು. ಖಾತೆ ತೆರೆದ ದಿನದಿಂದ ಎನ್‌ಪಿಎ ದಿನದವರೆಗಿನ ಪೂರ್ತಿ ಸ್ಟೇಟ್‌ಮೆಂಟ್ ತರಿಸಿ, ಒಂದೊಂದು ವರ್ಷದ ಬಡ್ಡಿಯನ್ನು ಆ ವರ್ಷದ ರಿಟರ್ನಿನ ಎದುರು ಇಟ್ಟು ನೋಡಿ. ಆಡಿಟ್ ಆಗಿದ್ದ ವರ್ಷಗಳಿದ್ದರೆ 3ಸಿಡಿ ವರದಿಯ 26ನೇ ಅಂಶದಲ್ಲಿ 43ಬಿ ಬಾಕಿ ಬರೆದಿರುತ್ತದೆ, ಕೆಲಸ ಸಲೀಸು. ಎರಡು ದಿನದ ಕೆಲಸ ಇದು, ಆದರೆ ತೆರಿಗೆ ನಿಂತಿರುವುದೇ ಇದರ ಮೇಲೆ.

ಇದರ ತಿರುವುಮುರುವೂ ಆಗುತ್ತದೆ. ಉಳಿದ ವರ್ಷಗಳಲ್ಲಿ ನಿಮ್ಮವರು ಬಡ್ಡಿಯನ್ನು ಪುಸ್ತಕದಲ್ಲಿ ಖರ್ಚು ಬರೆದು, ಆದಾಯ ಲೆಕ್ಕದಲ್ಲಿ ಸರಿಯಾಗಿ ವಾಪಸು ಕೂಡಿಸಿದ್ದಾರೆ. ಈಗ ಒಟಿಎಸ್ ಆದಮೇಲೆ ಬಿಟ್ಟ ಬಡ್ಡಿಯನ್ನು ಲಾಭದ ಕಡೆ ಬರೆದು ಸುಮ್ಮನಾದರೆ, ಒಮ್ಮೆ ತೆರಿಗೆ ತೆತ್ತ ಹಣಕ್ಕೇ ಇನ್ನೊಮ್ಮೆ ತೆತ್ತಂತಾಗುತ್ತದೆ. ಹಿಂದೆ ಕೂಡಿಸಿದ 7 ಲಕ್ಷವನ್ನು ಈ ವರ್ಷದ ಆದಾಯ ಲೆಕ್ಕದಲ್ಲಿ ಕಳೆಯಬೇಕು. ಹಾಗೆಯೇ ಟರ್ಮ್ ಲೋನಿನ 3 ಲಕ್ಷವನ್ನು ಲಾಭ-ನಷ್ಟ ಪಟ್ಟಿಗೆ ತರಬೇಡಿ, ನೇರ ಬಂಡವಾಳ ಖಾತೆಗೆ ಒಯ್ಯಿರಿ. ಪುಸ್ತಕದ ನಮೂದು ತೆರಿಗೆಯನ್ನು ತೀರ್ಮಾನಿಸುವುದಿಲ್ಲ ನಿಜ. ಆದರೆ ನೀವೇ ಲಾಭವೆಂದು ಬರೆದು ಆಮೇಲೆ ಲಾಭವಲ್ಲ ಎಂದರೆ ಅಧಿಕಾರಿಗೆ ಮೊದಲ ಪ್ರಶ್ನೆ ನೀವೇ ಕೊಟ್ಟಂತೆ. ಟಿ.ವಿ. ಸುಂದರಂ ಅಯ್ಯಂಗಾರ್ ಪ್ರಕರಣದಲ್ಲಿ, 1996ರಲ್ಲಿ, ಗಿರಾಕಿಗಳು ವಾಪಸು ಕೇಳದೆ ಬಿಟ್ಟ ಠೇವಣಿಯನ್ನು ಕಂಪನಿ ತಾನೇ ಲಾಭಕ್ಕೆ ಬರೆದುಕೊಂಡಿತ್ತು. ಅದು ಆದಾಯವೇ ಎಂದು ಸುಪ್ರೀಂ ಕೋರ್ಟ್ ಹೇಳಿತು.

ಈಗ ರೂಪಾಯಿ ಲೆಕ್ಕ, 2025-26ರ ಹೊಸ ಪದ್ಧತಿಯ ದರದಲ್ಲಿ. ಏನೂ ಮನ್ನಾ ಇಲ್ಲದಿದ್ದರೆ 4.5 ಲಕ್ಷಕ್ಕೆ ನಿಮಗೆ ತೆರಿಗೆ ಇಲ್ಲ. ಮೂರು ದಾರಿಗಳಿವೆ. ಒಂದು, 3 ಲಕ್ಷ ಬಡ್ಡಿ ಮಾತ್ರ ತೋರಿಸಿ, ಅಸಲೆಲ್ಲ ಬಂಡವಾಳ ಎನ್ನುವುದು: ಆದಾಯ 7.5 ಲಕ್ಷ, ತೆರಿಗೆ ಸೊನ್ನೆ, ಆದರೆ ಸಿಸಿಯ 4 ಲಕ್ಷದ ಮೇಲೆ ತಕರಾರು ಬಂದರೆ ಸೋಲುವ ಸಂಭವವೇ ಹೆಚ್ಚು. ಎರಡು, ಆ 3 ಲಕ್ಷ ಬಡ್ಡಿ ಮತ್ತು ಸಿಸಿ ಅಸಲಿನ 4 ಲಕ್ಷ, ಒಟ್ಟು 7 ಲಕ್ಷ ತೋರಿಸುವುದು: ಆದಾಯ 11.5 ಲಕ್ಷ. ಇಲ್ಲಿ ಮಲೆನಾಡಿನ ತೋಟಗಾರರು ಮರೆಯುವ ಒಂದು ವಿಷಯವಿದೆ. ತೋಟದ 6 ಲಕ್ಷಕ್ಕೆ ತೆರಿಗೆ ಇಲ್ಲ, ಆದರೆ ದರದ ಮೆಟ್ಟಿಲು ಲೆಕ್ಕಕ್ಕೆ ಅದು ಬರುತ್ತದೆ. 11.5 ಮತ್ತು 6 ಸೇರಿ 17.5 ಲಕ್ಷಕ್ಕೆ ತೆರಿಗೆ 1,50,000. ಅದರಲ್ಲಿ ತೋಟದ 6 ಮತ್ತು ವಿನಾಯಿತಿ ಮಿತಿ 4, ಒಟ್ಟು 10 ಲಕ್ಷದ ಮೇಲಿನ 40,000 ಕಳೆದರೆ 1,10,000. ಆದಾಯ 12 ಲಕ್ಷದೊಳಗೆ ಇರುವುದರಿಂದ 87ಎ ರಿಯಾಯಿತಿ ಸಿಗುತ್ತದೆ, ಆದರೆ ಗರಿಷ್ಠ 60,000 ಮಾತ್ರ. ಉಳಿದ 50,000ಕ್ಕೆ 4% ಸೆಸ್ ಸೇರಿ 52,000. 12 ಲಕ್ಷದವರೆಗೆ ತೆರಿಗೆಯೇ ಇಲ್ಲ ಎಂಬ ಮಾತು ಕೃಷಿ ಆದಾಯ ಇರುವವರಿಗೆ ಪೂರ್ತಿ ಹೊಂದುವುದಿಲ್ಲ. ಮೂರು, ಹೆದರಿಕೆಯಿಂದ 17 ಲಕ್ಷವನ್ನೂ ತೋರಿಸುವುದು: ಇದೇ ರೀತಿ ಲೆಕ್ಕ ಹಾಕಿದರೆ 3,79,600. ಮೊದಲ ಮಿತ್ರರು ಹೇಳಿದ ಐದು ಲಕ್ಷ ಬರಬೇಕಾದರೆ ಇನ್ನೂ ಏನಾದರೂ ಸೇರಿಸಬೇಕಾದೀತು.

ನಾನು ಎರಡನೆಯದನ್ನೇ ಆರಿಸುತ್ತೇನೆ. ಒಟಿಎಸ್ ಪತ್ರದ ಪ್ರತಿ, ಖಾತೆವಾರು ವಿಂಗಡಣೆ, ಯಾವುದನ್ನು ಏಕೆ ಸೇರಿಸಿದೆ, ಯಾವುದನ್ನು ಏಕೆ ಬಿಟ್ಟೆ ಎಂಬ ಒಂದು ಪುಟದ ಟಿಪ್ಪಣಿ, ಇವನ್ನು ಆದಾಯ ಲೆಕ್ಕದ ಜೊತೆಗೆ ಕಟ್ಟಿಡಿ, ನೋಟಿಸ್ ಬಂದ ದಿನ ಮೊದಲ ಉತ್ತರದಲ್ಲೇ ಕೊಡಿ. ಟರ್ಮ್ ಲೋನ್ ಭಾಗವನ್ನು ಇಲಾಖೆ ಒಪ್ಪದೆ ಹೋದರೂ, ಪ್ರಾಮಾಣಿಕ ವಿವರಣೆ ಮತ್ತು ಎಲ್ಲ ಸಂಗತಿ ಮುಂದಿಟ್ಟವರಿಗೆ 270ಎ ದಂಡದಿಂದ ರಕ್ಷಣೆ ಇದೆ. ಇಲ್ಲದಿದ್ದರೆ ಆ ದಂಡ ತೆರಿಗೆಯ 50%. ಹಳೆಯ ವರ್ಷಗಳ ವ್ಯಾಪಾರ ನಷ್ಟವನ್ನು ಗಡುವಿನೊಳಗೆ ಸಲ್ಲಿಸಿದ ರಿಟರ್ನಿನಲ್ಲಿ ತೋರಿಸಿದ್ದರೆ ಈ 7 ಲಕ್ಷಕ್ಕೆ ಅದನ್ನು ಹೊಂದಿಸಬಹುದು. ಎಂಟು ವರ್ಷ ಅದು ಜೀವಂತ. ಕೊಳೆ ಬಂದ ಆ ಎರಡು ವರ್ಷದ ರಿಟರ್ನುಗಳನ್ನು ಹುಡುಕಿ ತೆಗೆಯಿರಿ. ನಷ್ಟವಿತ್ತು, ರಿಟರ್ನ್ ಯಾಕೆ ಎಂದು ಸುಮ್ಮನಿದ್ದಿದ್ದರೆ ಆ ಅನುಕೂಲ ಹೋಯಿತು.

2018ರ ಸೊಸೈಟಿ ಮನ್ನಾ ಬಗ್ಗೆ ನಿಶ್ಚಿಂತೆಯಿಂದಿರಿ. ರಾಜ್ಯ ಸರ್ಕಾರದ ಆ ಯೋಜನೆಯಲ್ಲಿ ಸಹಕಾರ ಸಂಘಗಳ ಬೆಳೆಸಾಲ ಒಂದು ಲಕ್ಷದವರೆಗೆ ಮನ್ನಾ ಆಗಿತ್ತು. ಸ್ವಂತ ತೋಟದ ಸಾಲ, ತೋಟದ ಆದಾಯಕ್ಕೆ ತೆರಿಗೆ ಇಲ್ಲ, ಯಾವ ಖರ್ಚನ್ನೂ ಕಳೆದುಕೊಂಡಿಲ್ಲ. ನಿಮ್ಮ ತೋಟದ ಅಡಿಕೆಯನ್ನು ಸುಲಿದು ಬೇಯಿಸುವುದೂ ಕೃಷಿಯ ಭಾಗವೇ. ಚೇಣಿ ಅಡಿಕೆಯನ್ನು ಅದೇ ಹಂಡೆಯಲ್ಲಿ ಬೇಯಿಸಿದರೂ ಅದು ವ್ಯಾಪಾರ, ಏಕೆಂದರೆ ಬೆಳೆದವರು ನೀವಲ್ಲ. ಆದ್ದರಿಂದಲೇ ಒಂದು ಎಚ್ಚರಿಕೆ: ಬೆಳೆಸಾಲದ ಹಣವನ್ನು ಚೇಣಿಗೆ ತಿರುಗಿಸಿ, ಅದರ ಬಡ್ಡಿಯನ್ನು ವ್ಯಾಪಾರದ ಖರ್ಚಿನಲ್ಲಿ ಬರೆದಿದ್ದರೆ ಈ ನಿಶ್ಚಿಂತೆ ಇಲ್ಲ. ಪ್ರಾಥಮಿಕ ಕೃಷಿ ಪತ್ತಿನ ಸಂಘವೂ, ಪ್ರಾಥಮಿಕ ಸಹಕಾರಿ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿ ಬ್ಯಾಂಕೂ 43ಬಿಯ ಹೊರಗೆ, ಹಾಗಾಗಿ ಕಟ್ಟದ ಬಡ್ಡಿಯೂ ಅಲ್ಲಿ ಖರ್ಚಾಗಿ ಹೋಗಿರುತ್ತದೆ, ಬಿಟ್ಟಾಗ ಆದಾಯವಾಗಿ ಮರಳುತ್ತದೆ.

ಗದ್ದೆಗೆ ಬರೋಣ. ಹಳ್ಳಿಯ ಕೃಷಿ ಭೂಮಿ ಮಾರಿದರೆ ಬಂಡವಾಳ ಲಾಭದ ತೆರಿಗೆ ಇಲ್ಲ ಎಂಬುದು ಸರಿ, ಆದರೆ 'ಹಳ್ಳಿ' ಎಂಬುದಕ್ಕೆ ಅಳತೆ ಇದೆ. ಜನಸಂಖ್ಯೆ 10,000 ಮೀರಿ ಒಂದು ಲಕ್ಷದವರೆಗಿನ ಪಟ್ಟಣದ ಗಡಿಯಿಂದ 2 ಕಿಲೋಮೀಟರ್, ಒಂದು ಲಕ್ಷ ಮೀರಿ 10 ಲಕ್ಷದವರೆಗಿನ ಊರಿನಿಂದ 6 ಕಿಲೋಮೀಟರ್ ಒಳಗಿದ್ದರೆ ಅದು ತೆರಿಗೆಯ ಆಸ್ತಿ. ತೀರ್ಥಹಳ್ಳಿ ಮೊದಲ ಗುಂಪಿನದು, ಶಿವಮೊಗ್ಗ ಎರಡನೆಯದು. ದೂರ ಅಳೆಯುವುದು ರಸ್ತೆಯ ಮೇಲಲ್ಲ, ಹಕ್ಕಿ ಹಾರಿದ ಹಾಗೆ ನೇರ ಗೆರೆಯಲ್ಲಿ. ಘಟ್ಟದ ತಿರುವಿನ ರಸ್ತೆಯಲ್ಲಿ 3 ಕಿಲೋಮೀಟರ್ ಆಗುವ ಜಾಗ ಗೆರೆಯಲ್ಲಿ 2ರೊಳಗೆ ಬಿದ್ದುಬಿಡುತ್ತದೆ. ನಿಮ್ಮದು ಒಂದೂವರೆ ಕಿಲೋಮೀಟರ್, ಸಂಶಯವಿಲ್ಲ. 16 ಲಕ್ಷಕ್ಕೆ ಮಾರಿದರೆ ಲಾಭ 12 ಲಕ್ಷ, 12.5% ದರದಲ್ಲಿ 1,50,000. ಹಣದುಬ್ಬರ ಸೂಚ್ಯಂಕ ಹಚ್ಚಿ 20% ದರದಲ್ಲೂ ನೋಡಬಹುದು: 4 ಲಕ್ಷವನ್ನು 376ರಿಂದ (2025-26ರ ಸೂಚ್ಯಂಕ) ಗುಣಿಸಿ 184ರಿಂದ (2011-12ರದು) ಭಾಗಿಸಿದರೆ 8,17,391, ಲಾಭ 7,82,609, ತೆರಿಗೆ 1,56,522. ಮೊದಲನೆಯದೇ ಕಡಿಮೆ.

ಹಣವೆಲ್ಲ ಬ್ಯಾಂಕಿಗೆ ಹೋಯಿತಲ್ಲ ಎಂಬ ವಾದ ನಿಲ್ಲುವುದಿಲ್ಲ. ತಾನೇ ಮಾಡಿದ ಅಡಮಾನವನ್ನು ಬಿಡಿಸಲು ಕಟ್ಟಿದ ಹಣ ಆಸ್ತಿಯ ವೆಚ್ಚವಲ್ಲ ಎಂದು ಸುಪ್ರೀಂ ಕೋರ್ಟ್ 1997ರಲ್ಲಿ ಹೇಳಿದೆ. ಆಸ್ತಿಯನ್ನು ಬಿಟ್ಟುಹೋದ ಅಪ್ಪ ಮಾಡಿದ್ದ ಅಡಮಾನವನ್ನು ಮಗ ಬಿಡಿಸಿದರೆ ಮಾತು ಬೇರೆ. ಬೇರೆ ಕೃಷಿ ಭೂಮಿ ಕೊಂಡರೆ 54ಬಿ ವಿನಾಯಿತಿ ಇದೆ, ಆದರೆ ಕೊಳ್ಳಲು ನಿಮ್ಮ ಕೈಯಲ್ಲಿ ಹಣ ಉಳಿಯುವುದಿಲ್ಲ. ಅಂದರೆ 16 ಲಕ್ಷ ಬಂದರೂ, ಸೆಸ್ ಸೇರಿದ ತೆರಿಗೆ 1,56,000 ಕಳೆದು ಬ್ಯಾಂಕಿಗೆ ಕೊಡಬಹುದಾದದ್ದು 14.4 ಲಕ್ಷ ಎಂದು ಈಗಲೇ ಲೆಕ್ಕ ಹಾಕಿ. ಇದನ್ನು ಬಿಟ್ಟು 25 ಲಕ್ಷ ಹೊಂದಿಸಿದರೆ ತೆರಿಗೆ ಕಟ್ಟಲು ಮತ್ತೆ ಕೈಸಾಲವೇ ಗತಿ.

ದಿನಾಂಕದ ವಿಷಯವೂ ಇಲ್ಲಿ ಸೇರುತ್ತದೆ. ಒಟಿಎಸ್ ಮನ್ನಾ ಮಂಜೂರಾತಿ ಪತ್ರದ ದಿನ ಆಗುವುದಲ್ಲ. ಕೊನೆಯ ಕಂತು ಕಟ್ಟಿ ಷರತ್ತು ಮುಗಿದ ದಿನ ಆಗುತ್ತದೆ. ಗದ್ದೆ ಮಾರಾಟ ಮತ್ತು ಕೊನೆಯ ಕಂತು ಒಂದೇ ಹಣಕಾಸು ವರ್ಷದಲ್ಲಿ ಬಂದರೆ ನಿಮ್ಮ ಒಟ್ಟು ಆದಾಯ 23.5 ಲಕ್ಷ, 87ಎ ರಿಯಾಯಿತಿಯ 60,000 ಹೋಗುತ್ತದೆ, ಸೆಸ್ ಸೇರಿ ತೆರಿಗೆ 2,70,400. ಗದ್ದೆ ಮಾರ್ಚ್ ಒಳಗೆ ಮಾರಿ, ಕೊನೆಯ ಕಂತು ಏಪ್ರಿಲ್‌ಗೆ ಹೋದರೆ, ದರ ಮತ್ತು ಆದಾಯ ಹೀಗೇ ಇದ್ದಲ್ಲಿ ಎರಡು ವರ್ಷದ್ದೂ ಸೇರಿ 2,13,200. ಉಳಿಯುವುದು 57,200. ಬ್ಯಾಂಕುಗಳಿಗೆ ಮಾರ್ಚ್ 31ರೊಳಗೆ ಎನ್‌ಪಿಎ ಇಳಿಸುವ ಆತುರ, ಒಪ್ಪಿಕೊಳ್ಳುವುದು ಕಷ್ಟ. ಆದರೂ ಕೇಳಿ ನೋಡಿ. ತಡವಾದ ದಿನಗಳಿಗೆ ಕೇಳುವ ಬಡ್ಡಿಯನ್ನು ಈ 57,200ದ ಎದುರು ತೂಗಿ. ಹೇಳಿದ ದಿನ ತಪ್ಪಿಸಿ ಮಾತ್ರ ಪ್ರಯೋಗ ಮಾಡಬೇಡಿ, ಒಂದು ಕಂತು ತಪ್ಪಿದರೆ ಇಡೀ ಒಟಿಎಸ್ ರದ್ದು ಎಂಬ ಷರತ್ತು ಸಾಮಾನ್ಯವಾಗಿ ಪತ್ರದಲ್ಲೇ ಇರುತ್ತದೆ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯಿದೆ, 2025 ಜಾರಿ, ಆಗ ಇಲ್ಲಿ ಹೇಳಿದ ಸೆಕ್ಷನ್ ಸಂಖ್ಯೆಗಳು ಬದಲಾಗುತ್ತವೆ, ಅದನ್ನು ನೆನಪಿಡಿ. ಯಾವ ವರ್ಷಕ್ಕೆ ಬಂದರೂ ಬಾಕಿ ತೆರಿಗೆ 10,000 ರೂಪಾಯಿ ಮುಟ್ಟಿದರೆ ಮುಂಗಡ ತೆರಿಗೆ ಕಟ್ಟಬೇಕು. ಜುಲೈ ತನಕ ಕಾದರೆ ಬಡ್ಡಿ ಬೀಳುತ್ತದೆ.

ಭಾವ ಕೊಡುವ 6 ಲಕ್ಷವನ್ನು ನಗದಾಗಿ ಮುಟ್ಟಬೇಡಿ. ಸಾಲವೆಂದು ಪಡೆದರೆ 20,000 ಅಥವಾ ಹೆಚ್ಚಿನ ನಗದು ಸಾಲ ಸೆಕ್ಷನ್ 269ಎಸ್‌ಎಸ್‌ಗೆ ವಿರುದ್ಧ, ದಂಡ ಅಷ್ಟೇ ಮೊತ್ತ, ಅಂದರೆ 6 ಲಕ್ಷಕ್ಕೆ 6 ಲಕ್ಷ. ಇಬ್ಬರಿಗೂ ಕೃಷಿ ಆದಾಯವಿದ್ದು ಇಬ್ಬರಿಗೂ ತೆರಿಗೆಗೆ ಒಳಪಡುವ ಆದಾಯ ಇಲ್ಲದಿದ್ದರೆ ವಿನಾಯಿತಿ ಇದೆ, ಊರಲ್ಲಿ 'ತೋಟದವರಿಗೆ ನಗದು ನಡೆಯುತ್ತದೆ' ಎನ್ನುವುದು ಇದನ್ನೇ. ನಿಮಗೆ ಚೇಣಿ ಆದಾಯ ಇರುವುದರಿಂದ ಅದು ಸಿಗುವುದಿಲ್ಲ. ಉಡುಗೊರೆ ಎಂದರೆ ಹೆಂಡತಿಯ ಅಣ್ಣ ಕಾನೂನಿನ ಪ್ರಕಾರ ಸಂಬಂಧಿ, ಎಷ್ಟು ಕೊಟ್ಟರೂ ಆದಾಯವಲ್ಲ, ಆದರೆ ಎರಡು ಲಕ್ಷ ಅಥವಾ ಹೆಚ್ಚಿನ ನಗದು ಪಡೆಯುವುದನ್ನು 269ಎಸ್‌ಟಿ ತಡೆಯುತ್ತದೆ. ಖಾತೆಯಿಂದ ಖಾತೆಗೆ ಆರ್‌ಟಿಜಿಎಸ್ ಮಾಡಿಸಿ, ಸಾಲವೋ ಉಡುಗೊರೆಯೋ ಎಂದು ಒಂದು ಪತ್ರ ಬರೆಸಿಟ್ಟುಕೊಳ್ಳಿ.

ಒಟಿಎಸ್ ಬೇಡ, ಹೇಗೂ ಬ್ಯಾಂಕು ಸಾಲವನ್ನು ರೈಟ್ ಆಫ್ ಮಾಡುತ್ತದೆ ಎಂದು ಕಾಯುವವರೂ ಇದ್ದಾರೆ. ತಾಂತ್ರಿಕ ರೈಟ್ ಆಫ್ ಎಂದರೆ ಬ್ಯಾಂಕು ತನ್ನ ಪುಸ್ತಕದಿಂದ ತೆಗೆದದ್ದು, ನಿಮ್ಮ ಮೇಲಿನ ಹಕ್ಕು ಬಿಟ್ಟದ್ದಲ್ಲ. 2023ರ ಜೂನ್ 8ರ ರಿಸರ್ವ್ ಬ್ಯಾಂಕ್ ಚೌಕಟ್ಟು ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ತೆರಿಗೆಗೂ ಅದು ಮನ್ನಾ ಅಲ್ಲ, ವಸೂಲಿಗೂ ಅದು ಮುಕ್ತಿಯಲ್ಲ. ಕೃಷಿ ಭೂಮಿಯನ್ನು ಸರ್ಫೇಸಿ (ಕೋರ್ಟಿಗೆ ಹೋಗದೆ ಬ್ಯಾಂಕೇ ಅಡಮಾನದ ಆಸ್ತಿ ಜಪ್ತಿ ಮಾಡುವ) ಕಾಯಿದೆಯಡಿ ಹರಾಜು ಹಾಕುವಂತಿಲ್ಲ ಎಂಬುದು ನಿಜ, ಆದರೆ ಶೆಡ್ಡು ಮತ್ತು ಯಂತ್ರಕ್ಕೆ ಆ ರಕ್ಷಣೆ ಇಲ್ಲ, ಮತ್ತು 20 ಲಕ್ಷ ಅಥವಾ ಹೆಚ್ಚಿನ ಬಾಕಿಗೆ ಸಾಲ ವಸೂಲಿ ನ್ಯಾಯಮಂಡಳಿಯ ದಾರಿ ಅವರಿಗೆ ತೆರೆದೇ ಇರುತ್ತದೆ. ಒಟಿಎಸ್‌ನ ಬೆಲೆಯೂ ಇದೆ: ಸಾಲದ ಇತಿಹಾಸ ಇಡುವ ಸಿಬಿಲ್‌ನಲ್ಲಿ ಖಾತೆ 'ಕ್ಲೋಸ್ಡ್' ಎಂದಲ್ಲ, 'ಸೆಟಲ್ಡ್' ಎಂದು ಬರುತ್ತದೆ, ಮತ್ತು ಅದೇ ಚೌಕಟ್ಟಿನ ಪ್ರಕಾರ ಕೃಷಿಯೇತರ ಸಾಲಕ್ಕೆ ಬ್ಯಾಂಕು ಕನಿಷ್ಠ 12 ತಿಂಗಳು ನಿಮಗೆ ಹೊಸ ಸಾಲ ಕೊಡುವಂತಿಲ್ಲ. ಮುಂದಿನ ಸುಗ್ಗಿಗೆ ಚೇಣಿ ಹಿಡಿಯುವ ಯೋಚನೆ ಇದ್ದರೆ ಬಂಡವಾಳ ಎಲ್ಲಿಂದ ಎಂದು ಈಗಲೇ ನೋಡಿಕೊಳ್ಳಿ.

ಕರಡು ಪತ್ರಕ್ಕೆ ಸಹಿ ಹಾಕುವ ಮೊದಲು ಒಂದು ತಿದ್ದುಪಡಿ ಕೇಳಿ. ಈಗ ಅದರಲ್ಲಿ ಅಸಲಿನ ವಿಂಗಡಣೆ ಇದೆ, ಬಡ್ಡಿಯನ್ನು ಮಾತ್ರ ಒಟ್ಟು ಮೊತ್ತವಾಗಿ ಬರೆದಿದ್ದಾರೆ. 'ಟರ್ಮ್ ಲೋನ್ ಖಾತೆ: ಪಾವತಿ 15 ಲಕ್ಷ, ಬಿಟ್ಟ ಅಸಲು 3 ಲಕ್ಷ, ಬಿಟ್ಟ ಬಡ್ಡಿ 5.4 ಲಕ್ಷ; ಸಿಸಿ ಖಾತೆ: ಪಾವತಿ 10 ಲಕ್ಷ, ಬಿಟ್ಟ ಅಸಲು 4 ಲಕ್ಷ, ಬಿಟ್ಟ ಬಡ್ಡಿ 4.6 ಲಕ್ಷ' ಎಂದು ಖಾತೆವಾರು ಬರೆಸಿ. ಬ್ಯಾಂಕು ಹಣವನ್ನು ಹೇಗೆ ಜಮಾ ಮಾಡಿಕೊಳ್ಳಬೇಕು ಎಂಬ ಬಗ್ಗೆ ಇನ್ನೂ ಮಾತಾಡಲು ಅವಕಾಶವಿದ್ದರೆ, ಸಿಸಿ ಅಸಲಿಗೆ ಹೆಚ್ಚು ಜಮಾ ಆಗಿ, ಟರ್ಮ್ ಲೋನ್ ಅಸಲಿನಲ್ಲಿ ಹೆಚ್ಚು ಬಿಡುವ ಹಾಗೆ ಕೇಳಿ. ಬ್ಯಾಂಕಿಗೆ ಬರುವ 25 ಲಕ್ಷ ಒಂದೇ, ನಿಮ್ಮ ತೆರಿಗೆ ಮಾತ್ರ ಇಳಿಯುತ್ತದೆ. ಸಾಲ ತೀರಿದ 30 ದಿನದೊಳಗೆ ಮೂಲ ದಾಖಲೆ ಕೊಡಬೇಕು, ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಎಂಬ ರಿಸರ್ವ್ ಬ್ಯಾಂಕಿನ 2023ರ ಸೆಪ್ಟೆಂಬರ್ 13ರ ಆದೇಶ ವೈಯಕ್ತಿಕ ಸಾಲಗಳಿಗೆ ಮಾತ್ರ, ನಿಮ್ಮ ವ್ಯಾಪಾರದ ಸಾಲಕ್ಕೆ ತಾಗುವುದಿಲ್ಲ; ಹಾಗಾಗಿ ದಾಖಲೆ ಕೊಡುವ ಗಡುವನ್ನು ಪತ್ರದಲ್ಲೇ ಬರೆಸಿ. ಗದ್ದೆಯೂ ಅಡಮಾನದಲ್ಲಿ ಇದ್ದರೆ ಪಹಣಿಯ 11ನೇ ಕಾಲಂನಲ್ಲಿ ಬ್ಯಾಂಕಿನ ಋಣ ಕೂತಿರುತ್ತದೆ, ಅದು ಅಳಿಯದೆ ಕೊಳ್ಳುವವರು ನೋಂದಣಿಗೆ ಬರುವುದಿಲ್ಲ. ಆದ್ದರಿಂದ ಕೊಳ್ಳುವವರ ಹಣ ನೇರ ಸಾಲದ ಖಾತೆಗೆ ಬರುವಂತೆ, ಅಂದೇ ಬ್ಯಾಂಕು ಆ ಸರ್ವೆ ನಂಬರಿನ ಮಟ್ಟಿಗೆ ಋಣಮುಕ್ತಿ ಪತ್ರ ಕೊಡುವಂತೆ ಒಟಿಎಸ್ ಪತ್ರದಲ್ಲೇ ಸೇರಿಸಿಕೊಳ್ಳಿ.